ತಾಮ್ರದ ಹಂಡೆಯ ಹತ್ತಿರ: ಬಲ್ಗೇರಿಯಾದ ರಾಕಿಯಾ

(ಓದುಗ ಗೆಳೆಯರ ತಿಂಗಳ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನೂ ಮಾತಿನ ಒಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆಲಸದ ಮೇಲೆ ನಾನು ಮೂರು ವರ್ಷ ಬಲ್ಗೇರಿಯಾದ ರಾಜಧಾನಿ ಸೋಫಿಯಾದಲ್ಲಿ ಇದ್ದೆ. ಮೊದಲ ವರ್ಷ ಸೆಪ್ಟೆಂಬರ್ ಬಂತು. ಶುಕ್ರವಾರ ಮಧ್ಯಾಹ್ನ ಆದರೆ ಸಾಕು, ಆಫೀಸಿನಲ್ಲಿ ಕುರ್ಚಿಗಳು ಖಾಲಿಯಾಗುತ್ತಿದ್ದವು. ಎಲ್ಲಿಗೆ ಹೊರಟಿರಿ ಅಂತ ಪಕ್ಕದವರನ್ನು ಕೇಳಿದೆ. "ಊರಿಗೆ. ಪ್ಲಮ್ ಉದುರ್ತಿದೆ" ಅಂದರು. ಅಷ್ಟೇ ಉತ್ತರ. ನಮ್ಮ ಕಡೆ ಅಡಿಕೆ ಕೊಯ್ಲು ಬಂತು ಅಂದರೆ ಬೇರೆ ಕಾರಣ ಹೇಳಬೇಕಿಲ್ಲ, ಅಲ್ವಾ? ಹಾಗೆಯೇ ಇದೂ.

ಆ ಪ್ಲಮ್ ಹಣ್ಣು ರಾಕಿಯಾ ಆಗುತ್ತದೆ. ರಾಕಿಯಾ ಅಂದರೆ ಹಣ್ಣನ್ನು ಹುಳಿಯಿಸಿ, ಕಾಯಿಸಿ, ಭಟ್ಟಿ ಇಳಿಸಿದ ಗಟ್ಟಿ ಮದ್ಯ. ಪ್ಲಮ್ಮಿನದು ಸ್ಲಿವೋವಾ. ದ್ರಾಕ್ಷಿಯದು ಗ್ರೋಜ್ದೋವಾ. ಜರ್ದಾಳಿನದು ಕೈಸಿಯೇವಾ. ಕ್ವಿನ್ಸ್ ಅಂತ ಒಂದು ಹಣ್ಣಿದೆ, ನೋಡಲು ಹಳದಿ ಸೇಬಿನ ಹಾಗೆ, ಕಚ್ಚಿದರೆ ಬಾಯಿ ಒಗರು. ಅದರ ರಾಕಿಯಾ ದ್ಯೂಲೇವಾ. ಸುವಾಸನೆಯಲ್ಲಿ ಅದನ್ನು ಮೀರಿಸುವುದು ಇಲ್ಲ ಅಂತ ನನ್ನ ಅನಿಸಿಕೆ.

ಅಂಗಡಿಯಲ್ಲಿ ಸಿಗುವ ರಾಕಿಯಾ ಸಾಮಾನ್ಯವಾಗಿ 40 ಡಿಗ್ರಿ. ಅಂದರೆ ನೂರು ಭಾಗದಲ್ಲಿ ನಲವತ್ತು ಭಾಗ ಆಲ್ಕೋಹಾಲ್. ಮನೆಯಲ್ಲಿ ಮಾಡಿದ್ದು 50ರ ಮೇಲೂ ಇರುತ್ತದೆ. ಮನೆಯದನ್ನು ದೋಮಾಶ್ನಾ ಅನ್ನುತ್ತಾರೆ. ಈ ಮಾತನ್ನು ಹೇಳುವಾಗ ಅವರ ದನಿಯೇ ಬದಲಾಗುತ್ತದೆ. ನಾವು ಮನೆ ತುಪ್ಪ ಅನ್ನುವಾಗ ಬರುವ ದನಿ ಅದು.

ಇವತ್ತು ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ಅಲ್ಲಿ ಬಾಟಲಿ ಮೇಜಿನ ಮೇಲೆ ಬಂದ ಕೂಡಲೇ ಕೇಳುವ ಪ್ರಶ್ನೆ, "ಇದು ಯಾರದ್ದು?" ಯಾವ ಕಂಪನಿ ಅಂತ ಕೇಳುವುದಿಲ್ಲ. ಯಾರ ಮರದ ಹಣ್ಣು, ಯಾರು ಕಾಯಿಸಿದ್ದು, ಯಾವ ವರ್ಷದ್ದು ಅಂತ ಕೇಳುತ್ತಾರೆ. ಗಟ್ಟಿ ಮದ್ಯದ ಜೊತೆ ಒಬ್ಬರ ಹೆಸರು ಅಂಟಿಕೊಂಡಿರುವುದು ನನಗೆ ಹೊಸದು. ಇಲ್ಲಿ ನಾವು ಕಂಡದ್ದು ಸಾರಾಯಿ ಪ್ಯಾಕೆಟ್. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧ ಆಯಿತು. ಆ ಪ್ಯಾಕೆಟ್ಟಿನಿಂದ ಹಾಳಾದ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಆದ್ದರಿಂದ ಈ ವಿಷಯ ಮಾತಾಡಲು ಮೊದಲು ನನಗೂ ಹಿಂಜರಿಕೆ ಇತ್ತು.

ಪದದಿಂದಲೇ ಶುರು ಮಾಡೋಣ. ಅರಬ್ಬಿಯಲ್ಲಿ ಅರಕ್ ಅಂದರೆ ಬೆವರು. ಆವಿ ತಣ್ಣಗಾಗಿ ಕೊಳವೆಯ ತುದಿಯಲ್ಲಿ ಹನಿ ಹನಿಯಾಗಿ ಬೀಳುವುದು ಬೆವರಿನ ಹಾಗೆ ಕಾಣುತ್ತದೆ. ಅದೇ ಪದ ತುರ್ಕಿ ಆಳ್ವಿಕೆಯ ಕಾಲದಲ್ಲಿ ಬಲ್ಗೇರಿಯಾ ಇರುವ ಬಾಲ್ಕನ್ ನಾಡುಗಳಿಗೆ ಹೋಗಿ ರಾಕಿಯಾ ಆಯಿತು. ಈ ಕಡೆ ಹಡಗು ಹತ್ತಿ ಬಂದು ಅರಾಕ್ ಆಯಿತು. ನಮ್ಮ ಸರ್ಕಾರಿ ಕಾಗದಗಳಲ್ಲಿ ಸಾರಾಯಿಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದದ್ದು ಇದೇ ಪದ. ಎರಡೂ ಒಂದೇ ತಾಯಿಯ ಮಕ್ಕಳು.

ನನ್ನ ಮನೆ ಮಾಲೀಕರು ಎಪ್ಪತ್ತು ದಾಟಿದವರು. ಅಲ್ಲಿ ಹಿರಿಯ ಗಂಡಸರನ್ನು ಹೆಸರಿಗೆ ಮೊದಲು 'ಬಾಯ್' ಸೇರಿಸಿ ಕರೆಯುತ್ತಾರೆ, ನಾವು ಅಣ್ಣ ಅನ್ನುವ ಹಾಗೆ. ಇನ್ನೂ ಹಿರಿಯರಾದರೆ ದ್ಯಾದೋ, ಅಂದರೆ ತಾತ. ಅಜ್ಜಿಗೆ ಬಾಬಾ ಅನ್ನುತ್ತಾರೆ. ಈ ಕೊನೆಯದಕ್ಕೆ ನನ್ನ ಕಿವಿ ಹೊಂದಿಕೊಳ್ಳಲು ಆರು ತಿಂಗಳು ಬೇಕಾಯಿತು. ಮಾಲೀಕರ ಊರು ತ್ರೊಯಾನ್ ಹತ್ತಿರದ ಬೆಟ್ಟದಲ್ಲಿ. ತ್ರೊಯಾನ್ ಅಂದರೆ ಪ್ಲಮ್ ಸೀಮೆ. ಅಲ್ಲಿನ ಪ್ಲಮ್ ರಾಕಿಯಾ ದೇಶಕ್ಕೆಲ್ಲ ಹೆಸರುವಾಸಿ. ಊರಿನ ಪಕ್ಕದಲ್ಲೇ ತ್ರೊಯಾನ್ ಮಠ ಇದೆ, ಬಲ್ಗೇರಿಯಾದ ಮೂರನೇ ದೊಡ್ಡ ಮಠ. ಅಲ್ಲಿನ ಸನ್ಯಾಸಿಗಳು ಗಿಡಮೂಲಿಕೆ ಸೇರಿಸಿ ರಾಕಿಯಾ ಮಾಡುತ್ತಿದ್ದರು ಅಂತ ಜನ ಹೇಳುತ್ತಾರೆ.

ಅಕ್ಟೋಬರಿನಲ್ಲಿ ಒಂದು ಶನಿವಾರ ಅವರು ನನ್ನನ್ನು ಕಜಾನ್‌ಗೆ ಕರೆದುಕೊಂಡು ಹೋದರು. ಕಜಾನ್ ಅಂದರೆ ಹಂಡೆ. ನಮ್ಮ ಬಚ್ಚಲುಮನೆಯ ತಾಮ್ರದ ಹಂಡೆಯನ್ನೇ ಹತ್ತು ಪಟ್ಟು ದೊಡ್ಡದು ಮಾಡಿ ನೋಡಿ. ಹಂಡೆ ಇರುವ ಮನೆಗೂ ಕಜಾನ್ ಅಂತಲೇ ಹೆಸರು. ಊರಿಗೆಲ್ಲ ಸೇರಿ ಒಂದೋ ಎರಡೋ. ಸರದಿ ಮೊದಲೇ ಹೇಳಿಟ್ಟುಕೊಳ್ಳಬೇಕು. ಬಹಳ ಕಡೆ ಸೌದೆಯನ್ನೂ ನೀವೇ ತರಬೇಕು. ಹಂಡೆಯ ಯಜಮಾನರಿಗೆ ಒಂದು ಹಂಡೆಗೆ ಇಷ್ಟು ಅಂತ ಕೊಡಬೇಕು.

ಹಣ್ಣಿನ ಕೆಲಸ ಇದಕ್ಕೆ ಎಷ್ಟೋ ವಾರ ಮೊದಲೇ ಶುರುವಾಗಿರುತ್ತದೆ. ಪ್ಲಮ್ ಚೆನ್ನಾಗಿ ಮಾಗಬೇಕು. ತೊಟ್ಟಿನ ಹತ್ತಿರ ಸಿಪ್ಪೆ ಸುಕ್ಕಾಗುವಷ್ಟು ಮಾಗಬೇಕು. ಆಗ ಸಿಹಿ ಜಾಸ್ತಿ. ಹಣ್ಣನ್ನು ಡ್ರಮ್ಮಿಗೆ ಹಾಕಿ, ಕಿವುಚಿ, ಹುಳಿಯಲು ಬಿಡುತ್ತಾರೆ. ಸಿಪ್ಪೆ, ತಿರುಳು ಮೇಲೆ ತೇಲಿ ದಪ್ಪ ಪದರ ಕಟ್ಟುತ್ತದೆ. ಅದನ್ನು ದಿನಾ ಕೋಲಿನಿಂದ ಒಳಗೆ ತಳ್ಳಬೇಕು. ಬಿಟ್ಟರೆ ಮೇಲ್ಭಾಗ ವಿನೆಗರ್ ಆಗುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಗುಳ್ಳೆ ಬರುವುದು ನಿಲ್ಲುತ್ತದೆ. ಆಗ ತಡ ಮಾಡದೆ ಕಾಯಿಸಬೇಕು. ನೂರು ಕೆಜಿ ಪ್ಲಮ್ಮಿಗೆ ಹತ್ತು ಲೀಟರ್ ಆಸುಪಾಸು ರಾಕಿಯಾ ಬಂದರೆ ಸಮಾಧಾನ ಪಡುತ್ತಾರೆ.

ಕೆಲವರು ಡ್ರಮ್ಮಿಗೆ ಸಕ್ಕರೆ ಸುರಿಯುತ್ತಾರೆ. ಹಾಗೆ ಮಾಡಿದರೆ ರಾಕಿಯಾ ಜಾಸ್ತಿ ಬರುತ್ತದೆ, ಹಣ್ಣಿನ ವಾಸನೆ ಕಮ್ಮಿಯಾಗುತ್ತದೆ. ನಮ್ಮ ಮಾಲೀಕರು ಸಕ್ಕರೆಯ ಮಾತು ಬಂದರೆ ಮುಖ ತಿರುಗಿಸುತ್ತಿದ್ದರು.

ಬೆಳಗಿನ ಜಾವ ಐದಕ್ಕೆ ಒಲೆ ಹೊತ್ತಿಸಿದರು. ಹುಳಿದ ಹಣ್ಣನ್ನು ಹಂಡೆಗೆ ಸುರಿದರು. ತಳ ಹಿಡಿಯಬಾರದು ಅಂತ ಒಳಗೆ ತಿರುಗುವ ಕೈ ಇರುತ್ತದೆ. ಅದನ್ನು ಒಬ್ಬರು ತಿರುಗಿಸುತ್ತಲೇ ಇರಬೇಕು. ಮೇಲೆ ಮುಚ್ಚಳ, ಮುಚ್ಚಳದಿಂದ ಕೊಳವೆ, ಕೊಳವೆ ತಣ್ಣೀರಿನ ತೊಟ್ಟಿಯೊಳಗೆ ಹಾದು ಆ ಕಡೆ ಹೊರಬರುತ್ತದೆ. ಹಂಡೆ ತಾಮ್ರದ್ದೇ ಆಗಬೇಕು ಅನ್ನುವುದು ಬರೀ ಸಂಪ್ರದಾಯದ ಮಾತಲ್ಲ. ಹುಳಿದ ಹಣ್ಣಿನಲ್ಲಿ ಗಂಧಕದ ಕೆಟ್ಟ ವಾಸನೆ ಕೊಡುವ ಅಂಶಗಳಿರುತ್ತವೆ. ತಾಮ್ರ ಅವುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಮೊದಲು ಬೀಳುವ ಹನಿಗಳಿಗೆ ಪರ್ವಾಕ್ ಅಂತ ಹೆಸರು, ಅಂದರೆ ಮೊದಲನೆಯದು. ಮೂಗಿಗೆ ಅಂಟು ದ್ರಾವಣದ ವಾಸನೆ ಬಡಿಯುತ್ತದೆ. ಇದನ್ನು ಕುಡಿಯುವುದಿಲ್ಲ. ಬೇರೆ ಬಾಟಲಿಗೆ ತೆಗೆದಿಟ್ಟು, ಮಂಡಿ ನೋವಿಗೆ, ಬೆನ್ನು ನೋವಿಗೆ ಹಚ್ಚಿ ತಿಕ್ಕಲು ಇಟ್ಟುಕೊಳ್ಳುತ್ತಾರೆ. ಆಮೇಲೆ ಬರುವುದು ನಡುವಿನ ಭಾಗ, ಅದೇ ರಾಕಿಯಾ. ಕೊನೆಗೆ ಬಲ ಇಳಿದು, ಬೇಯಿಸಿದ ಎಲೆಯಂಥ ವಾಸನೆ ಬರತೊಡಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಯಾವಾಗ ಶುರು, ಯಾವಾಗ ನಿಲುಗಡೆ, ಇದರಲ್ಲಿದೆ ಎಲ್ಲ ಕೈಚಳಕ. ಡಿಗ್ರಿ ಅಳೆಯುವ ಗಾಜಿನ ಕಡ್ಡಿ ಇತ್ತು. ಆದರೂ ಯಜಮಾನರು ಎರಡು ಹನಿ ಅಂಗೈಗೆ ಹಾಕಿ ಉಜ್ಜಿ ಮೂಸಿ ನೋಡಿಯೇ ಪಾತ್ರೆ ಬದಲಿಸಿದರು.

ಇಲ್ಲಿ ಸಭೆಯಲ್ಲಿ ಒಬ್ಬರು ಡಾಕ್ಟರು ಒಳ್ಳೆ ಪ್ರಶ್ನೆ ಕೇಳಿದರು. ಮನೆಯಲ್ಲಿ ಭಟ್ಟಿ ಇಳಿಸಿದರೆ ಮೆಥನಾಲ್ ಅಪಾಯ ಇಲ್ಲವೇ? ಕಣ್ಣು ಹೋಗುವುದು ಅದರಿಂದಲ್ಲವೇ?

ಹೌದು, ಮೆಥನಾಲ್ ವಿಷ. ಹಣ್ಣಿನಲ್ಲಿ ಪೆಕ್ಟಿನ್ ಇರುತ್ತದೆ. ಜಾಮ್ ಗಟ್ಟಿಯಾಗುವುದು ಅದರಿಂದಲೇ. ಹಣ್ಣು ಹುಳಿಯುವಾಗ ಆ ಪೆಕ್ಟಿನ್‌ನಿಂದ ಸ್ವಲ್ಪ ಮೆಥನಾಲ್ ಹುಟ್ಟುತ್ತದೆ. ಪರ್ವಾಕ್ ತೆಗೆದುಬಿಟ್ಟರೆ ಅದೆಲ್ಲ ಹೋಯಿತು ಅಂತ ಊರಿನವರು ನಂಬುತ್ತಾರೆ. ಇದು ಪೂರ್ತಿ ಸರಿಯಲ್ಲ. ಮೆಥನಾಲ್ ಕುದಿಯುವುದು ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ, ಕುಡಿಯುವ ಆಲ್ಕೋಹಾಲ್ 78ಕ್ಕೆ. ಆದರೂ ಇಂಥ ಹಂಡೆಯಲ್ಲಿ ಎರಡೂ ಬೆರೆತೇ ಬರುತ್ತವೆ. ಪರ್ವಾಕ್ ಜೊತೆ ಮುಖ್ಯವಾಗಿ ಹೋಗುವುದು ಆ ಅಂಟಿನ ವಾಸನೆಯ ಈಥೈಲ್ ಅಸಿಟೇಟ್, ಅಸಿಟಾಲ್ಡಿಹೈಡ್ ಇಂಥವು. ಸರಿಯಾದ ಹಣ್ಣಿನಿಂದ ಸರಿಯಾಗಿ ಮಾಡಿದ ರಾಕಿಯಾದಲ್ಲಿ ಮೆಥನಾಲ್ ಸಾಮಾನ್ಯವಾಗಿ ಜೀವ ತೆಗೆಯುವ ಮಟ್ಟಕ್ಕೆ ಏರುವುದಿಲ್ಲ. ಮಾರಾಟದ ಬಾಟಲಿಗೆ ಐರೋಪ್ಯ ಒಕ್ಕೂಟ ಮಿತಿಯನ್ನೂ ಹಾಕಿದೆ.

ಜನ ಸಾಯುವುದು ಕಾರ್ಖಾನೆಗೆ ಹೋಗಬೇಕಾದ ಮೆಥನಾಲನ್ನು ಯಾರೋ ಕದ್ದು ಮದ್ಯಕ್ಕೆ ಬೆರೆಸಿದಾಗ. ಬೆಂಗಳೂರಿನಲ್ಲಿ 1981ರಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಬಡವರು. ತಾವು ಕುಡಿದದ್ದು ಯಾರ ಕೈಯಿಂದ ಬಂದದ್ದು ಅಂತ ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಕಜಾನ್ ಮನೆಯಲ್ಲಿ ಕೂತಿದ್ದಾಗ ನನಗೆ ಇದೇ ನೆನಪಾಗುತ್ತಿತ್ತು. ಅಲ್ಲಿ ಕಾಯಿಸುವವರೇ ಮೊದಲು ಕುಡಿಯುವವರು. ಮಗನಿಗೆ, ಅಳಿಯನಿಗೆ, ನೆರೆಯವರಿಗೆ ಕೊಡುವವರು. ಕೆಟ್ಟದ್ದು ಮಾಡಿದರೆ ಊರಲ್ಲಿ ಹೆಸರು ಹೋಗುತ್ತದೆ.

ಕಾನೂನೂ ಇದಕ್ಕೆ ಜಾಗ ಮಾಡಿಕೊಟ್ಟಿದೆ. ಬಲ್ಗೇರಿಯಾ 2007ರ ಜನವರಿ 1ರಂದು ಐರೋಪ್ಯ ಒಕ್ಕೂಟಕ್ಕೆ ಸೇರಿತು. ನಮ್ಮಲ್ಲಿ ಸಾರಾಯಿ ನಿಂತ ವರ್ಷವೇ ಅದು. ಒಕ್ಕೂಟದ ಅಬಕಾರಿ ನಿಯಮ ಕಟ್ಟುನಿಟ್ಟು. ಆದರೂ ತಮ್ಮ ಹಣ್ಣನ್ನು ಇಂಥ ಹಂಡೆಗೆ ತಂದು ಕಾಯಿಸಿಕೊಳ್ಳುವ ಕುಟುಂಬಕ್ಕೆ ವರ್ಷಕ್ಕೆ 30 ಲೀಟರ್ ತನಕ ಅರ್ಧ ಸುಂಕ ಹಾಕಬಹುದು ಅಂತ ರಿಯಾಯಿತಿ ಸಿಕ್ಕಿತು. ಅದು ಮನೆ ಬಳಕೆಗೆ ಮಾತ್ರ, ಮಾರುವ ಹಾಗಿಲ್ಲ. ತ್ರೊಯಾನಿನ ಪ್ಲಮ್, ಸುಂಗುರ್ಲಾರೆಯ ದ್ರಾಕ್ಷಿ, ಸಿಲಿಸ್ತ್ರಾದ ಜರ್ದಾಳು, ಇವುಗಳ ರಾಕಿಯಾಕ್ಕೆ ಊರಿನ ಹೆಸರಿನ ಗುರುತೂ ಒಕ್ಕೂಟದಲ್ಲಿ ದಾಖಲಾಗಿದೆ. ಮೈಸೂರು ಮಲ್ಲಿಗೆಗೆ, ಗೋವಾದ ಗೇರು ಫೆನಿಗೆ ನಮ್ಮಲ್ಲಿ ಸಿಕ್ಕ ಹಾಗೆ.

ಕಜಾನ್ ಮನೆಗೆ ವಾಪಸ್ ಬರೋಣ. ಅಲ್ಲಿ ಇಡೀ ದಿನ ಕಾಯಬೇಕು. ಕೆಂಡದಲ್ಲಿ ಆಲೂಗಡ್ಡೆ ಹೂಳಿಟ್ಟಿದ್ದರು. ಮೇಲೆ ಕಬ್ಬಿಣದ ಸರಳಿನ ಮೇಲೆ ಮಾಂಸ ಸುಡುತ್ತಿತ್ತು. ನನಗೆ ಒಂದು ದೊಡ್ಡ ಕೆಂಪು ಮೆಣಸಿನಕಾಯಿ ಸುಟ್ಟು ಕೊಟ್ಟರು, ಉಪ್ಪು ಬೆಳ್ಳುಳ್ಳಿ ಸವರಿ. ಪಕ್ಕದ ಮನೆಯವರು, ಅವರ ಮೊಮ್ಮಕ್ಕಳು, ಸುಮ್ನೆ ದಾರಿಯಲ್ಲಿ ಹೋಗುತ್ತಿದ್ದವರು, ಎಲ್ಲ ಬಂದು ಕೂತರು. ಚಿಕ್ಕಂದಿನಲ್ಲಿ ನೋಡಿದ ಆಲೆಮನೆ ಕಣ್ಣಿಗೆ ಬಂತು. ಅದೇ ಬೆಂಕಿ, ಅದೇ ಸಿಹಿ ಹೊಗೆ. ಕೊಪ್ಪರಿಗೆಯ ಸುತ್ತ ಅದೇ ಥರದ ಜನ. ಅಲ್ಲಿ ಜೋನಿ ಬೆಲ್ಲ, ಇಲ್ಲಿ ಬಿಸಿ ಬಿಸಿ ರಾಕಿಯಾ.

ಹೊಸ ರಾಕಿಯಾ ನೀರಿನ ಹಾಗೆ ತಿಳಿ. ಅದನ್ನು ಕೆಲವರು ಓಕ್ ಪೀಪಾಯಿಯಲ್ಲೋ ಹಿಪ್ಪುನೇರಳೆ ಮರದ ಪೀಪಾಯಿಯಲ್ಲೋ ವರ್ಷಗಟ್ಟಲೆ ಇಡುತ್ತಾರೆ. ಆಗ ಜೇನಿನ ಬಣ್ಣ ಬರುತ್ತದೆ, ಖಾರ ಇಳಿಯುತ್ತದೆ.

ಇನ್ನು ಕುಡಿಯುವ ರೀತಿ. ನಾನು ಮೊದಲ ಸಲ ಚಿಕ್ಕ ಲೋಟ ಎತ್ತಿ ಒಂದೇ ಗುಟುಕಿಗೆ ಇಳಿಸಿದೆ. ಸಿನಿಮಾ ನೋಡಿ ಕಲಿತದ್ದು. ಮಾಲೀಕರ ಹೆಂಡತಿ ಗಾಬರಿಯಾಗಿ ನೀರು ತಂದರು. ಆಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು. ರಾಕಿಯಾ ಊಟದ ಮೊದಲ ಭಾಗ. ಅದು ಸಲಾಡ್ ಜೊತೆ ಬರುತ್ತದೆ, ಸಲಾಡ್ ಜೊತೆಯೇ ಹೋಗುತ್ತದೆ. ಹೋಟೆಲಿನಲ್ಲಿ ಗ್ರಾಮ್ ಲೆಕ್ಕದಲ್ಲಿ ಕೇಳುತ್ತಾರೆ. ಸಣ್ಣದು ಅಂದರೆ 50 ಗ್ರಾಮ್, ದೊಡ್ಡದು ಅಂದರೆ 100. ಒಂದು ಸಣ್ಣದನ್ನು ಮುಗಿಸಲು ಒಂದು ಗಂಟೆ ಹಿಡಿದರೂ ಯಾರೂ ಏನೂ ಅನ್ನುವುದಿಲ್ಲ.

ಬೇಸಿಗೆಯಲ್ಲಿ ಶೋಪ್ಸ್ಕಾ ಸಲಾಡ್. ಟೊಮ್ಯಾಟೊ, ಸೌತೆ, ಮೆಣಸಿನಕಾಯಿ, ಈರುಳ್ಳಿ, ಮೇಲೆ ಸಿರೆನೆ ಅನ್ನುವ ಉಪ್ಪುನೀರಿನ ಬಿಳಿ ಚೀಸ್ ತುರಿದು ಸುರಿದಿರುತ್ತಾರೆ. ಬಿಳಿ, ಹಸಿರು, ಕೆಂಪು, ಅವರ ಧ್ವಜದ ಬಣ್ಣ. ಇದು ಅಜ್ಜಿಯ ಕಾಲದ್ದು ಅಂತ ಅನಿಸುತ್ತದೆ. ನಿಜಕ್ಕೂ ಕಮ್ಯುನಿಸ್ಟ್ ಕಾಲದಲ್ಲಿ ಸರ್ಕಾರಿ ಪ್ರವಾಸ ಸಂಸ್ಥೆ ಬಾಲ್ಕನ್‌ತೂರಿಸ್ಟ್ ತನ್ನ ಹೋಟೆಲುಗಳಲ್ಲಿ ಬೆಳೆಸಿದ ತಿನಿಸು. ಚಳಿಗಾಲದಲ್ಲಿ ಹಸಿ ತರಕಾರಿ ಇಲ್ಲ. ಆಗ ತುರ್ಶಿಯಾ, ಅಂದರೆ ಉಪ್ಪಿನಲ್ಲಿ ವಿನೆಗರಿನಲ್ಲಿ ಹಾಕಿಟ್ಟ ಹೂಕೋಸು, ಕ್ಯಾರೆಟ್, ಎಲೆಕೋಸು. ಮಾರನೆಯ ದಿನ ತಲೆ ಭಾರವಾದರೆ ಅದೇ ಎಲೆಕೋಸಿನ ಹುಳಿ ನೀರನ್ನು ಕುಡಿಸುತ್ತಾರೆ.

ಲೋಟ ತಾಗಿಸುವಾಗ "ನಾಜ್ದ್ರಾವೆ" ಅನ್ನಬೇಕು. ಆರೋಗ್ಯಕ್ಕೆ ಅಂತ ಅರ್ಥ. ಎದುರಿನವರ ಕಣ್ಣನ್ನು ನೋಡಿ ಅನ್ನಬೇಕು. ಆದರೆ ಸತ್ತವರ ನೆನಪಿಗೆ ಕುಡಿಯುವಾಗ ಲೋಟ ತಾಗಿಸುವುದಿಲ್ಲ. ಸ್ವಲ್ಪ ನೆಲಕ್ಕೆ ಚೆಲ್ಲಿ, ಸದ್ದಿಲ್ಲದೆ ಕುಡಿಯುತ್ತಾರೆ.

ಮದುವೆಯ ರಾಕಿಯಾ ಬೇರೆ. ಬ್ಲಾಗಾ ರಾಕಿಯಾ ಅಂದರೆ ಸಿಹಿ ರಾಕಿಯಾ. ಹಿಂದೆ ಮೊದಲ ರಾತ್ರಿಯ ಮರುದಿನ ಹುಡುಗಿ ಕನ್ಯೆಯಾಗಿದ್ದಳು ಅಂತ ಸಾರಲು ಅದನ್ನು ಕೆಂಪು ದಾರ ಕಟ್ಟಿ ಹಂಚುತ್ತಿದ್ದರು. ಒಬ್ಬ ಹುಡುಗಿಯ ಮಾನವನ್ನು ಬಾಟಲಿಯಲ್ಲಿ ಮೆರವಣಿಗೆ ಮಾಡುವ ಈ ಪದ್ಧತಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಹಳೆಯದೆಲ್ಲ ಚಂದ ಅಂತ ಹೇಳಲು ನಾನು ಇಲ್ಲಿ ನಿಂತಿಲ್ಲ. ಕುಡಿತದಿಂದ ಮುರಿದ ಮನೆಗಳು ಅಲ್ಲೂ ಇವೆ. ನಮ್ಮ ಬೀದಿಯಲ್ಲೇ ಒಂದಿತ್ತು.

ಇನ್ನು ಬೆರಕೆ ಪಾನೀಯಗಳ ಮಾತು. ಅದರಲ್ಲಿ ನನಗೆ ಪ್ರೀತಿಯದು ಗ್ರೆಯಾನಾ ರಾಕಿಯಾ, ಅಂದರೆ ಕಾಯಿಸಿದ ರಾಕಿಯಾ. ಹೊರಗೆ ಮೊಣಕಾಲು ತನಕ ಹಿಮ ಬಿದ್ದಾಗ ಮಾಡುವುದು. ಕಾಫಿ ಕಾಯಿಸುವ ಚಿಕ್ಕ ಹಿಡಿಯ ಪಾತ್ರೆಯಲ್ಲಿ ಎರಡು ಚಮಚ ಸಕ್ಕರೆ ಹಾಕಿ ಕಂದು ಬಣ್ಣ ಬರುವ ತನಕ ಕರಗಿಸುತ್ತಾರೆ. ಒಲೆಯಿಂದ ಇಳಿಸಿ, ರಾಕಿಯಾ ಸುರಿಯುತ್ತಾರೆ. ಜೇನು, ದಾಲ್ಚಿನ್ನಿ, ಲವಂಗ, ಒಂದೆರಡು ಕಾಳುಮೆಣಸು, ಸೇಬಿನ ಹೋಳು. ಮತ್ತೆ ಸಣ್ಣ ಉರಿಯಲ್ಲಿ ಇಟ್ಟು, ಮುಚ್ಚಿ, ಕುದಿ ಬರುವ ಮೊದಲೇ ಇಳಿಸಬೇಕು. ಕುದಿಸಿದರೆ ಆಲ್ಕೋಹಾಲ್ ಹಾರಿಹೋಗುತ್ತದೆ. ಉರಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಹುಷಾರಾಗಿರಬೇಕು. ಕೆಲವರು ಸಕ್ಕರೆ ಕರಗಿಸದೆ ಬರೀ ಜೇನು ಹಾಕುತ್ತಾರೆ. ಎರಡನೇ ವರ್ಷ ನಾನು ಶಿರಸಿಯಿಂದ ಒಂದು ಪೊಟ್ಟಣ ಕಾಳುಮೆಣಸು ತೆಗೆದುಕೊಂಡು ಹೋಗಿ ಮಾಲೀಕರ ಹೆಂಡತಿಗೆ ಕೊಟ್ಟೆ. ಅವರು ಒಂದು ಕಾಳು ಕಚ್ಚಿ, ಕಣ್ಣಲ್ಲಿ ನೀರು ಬಂದು, ಪೊಟ್ಟಣವನ್ನು ಬೆಳ್ಳಿ ಚಮಚಗಳ ಜೊತೆ ಬೀರುವಿನಲ್ಲಿ ಇಟ್ಟರು.

ಬೇಸಿಗೆಗೆ ಮಾಸ್ತಿಕಾ. ಇಲ್ಲಿ ಒಂದು ಗೊಂದಲ ಬಿಡಿಸಬೇಕು. ತುರ್ಕಿಯ ರಾಕಿ ಮತ್ತು ಬಲ್ಗೇರಿಯಾದ ರಾಕಿಯಾ ಹೆಸರಲ್ಲಿ ಒಂದೇ, ರುಚಿಯಲ್ಲಿ ಬೇರೆ. ತುರ್ಕಿಯ ರಾಕಿಗೆ ಸೋಂಪಿನ ಜಾತಿಯ ಅನಿಸ್ ಬೀಜ ಹಾಕುತ್ತಾರೆ. ಅದಕ್ಕೆ ಹತ್ತಿರದ್ದು ಬಲ್ಗೇರಿಯಾದ ಮಾಸ್ತಿಕಾ. ಹೆಸರು ಬಂದದ್ದು ಗ್ರೀಸಿನ ಖಿಯೋಸ್ ದ್ವೀಪದ ಮರದ ಅಂಟಿನಿಂದ, ಆದರೆ ಬಾಯಿಗೆ ಬರುವುದು ಅನಿಸ್ ರುಚಿ. ಪೆಶ್ತೆರಾ ಊರಿನದು ಪ್ರಸಿದ್ಧ, 47 ಡಿಗ್ರಿ. ಚೆನ್ನಾಗಿ ತಣ್ಣಗೆ ಮಾಡಿ, ಕಲ್ಲಂಗಡಿ ಹೋಳಿನ ಜೊತೆ ಕುಡಿಯುತ್ತಾರೆ. ಹೇಳಿದರೆ ನಂಬುವುದು ಕಷ್ಟ, ಆದರೆ ಜುಲೈ ಬಿಸಿಲಲ್ಲಿ ಅದಕ್ಕಿಂತ ಹೊಂದುವ ಜೋಡಿ ನಾನು ಕಂಡಿಲ್ಲ.

ಇನ್ನೊಂದು ಮೆಂತಾ. ಮೆಂತ್ಯ ಅಲ್ಲ, ಪುದೀನ. ಹಸಿರು ಬಣ್ಣದ, ಸಿಹಿಯಾದ ಮದ್ಯ, ಬಲ ಕಮ್ಮಿ. ಕೆಲವರು ಹಾಲಿಗೆ ಬೆರೆಸುತ್ತಾರೆ. ಮಾಸ್ತಿಕಾ, ಮೆಂತಾ ಎರಡನ್ನೂ ಸಮ ಸಮ ಹಾಕಿ ಐಸ್ ಸೇರಿಸಿದರೆ ಓಬ್ಲಾಕ್ ಆಗುತ್ತದೆ. ಓಬ್ಲಾಕ್ ಅಂದರೆ ಮೋಡ. ಕಮ್ಯುನಿಸ್ಟ್ ಕಾಲದಲ್ಲಿ ಕಪ್ಪು ಸಮುದ್ರದ ದಡದ ರಜೆಯ ಊರುಗಳಲ್ಲಿ ಇದು ಬಹಳ ಜನಪ್ರಿಯವಾಗಿತ್ತು. ಹೊರದೇಶದ ಬಾಟಲಿ ಸಾಮಾನ್ಯ ಜನರ ಕೈಗೆ ಸಿಗುತ್ತಿರಲಿಲ್ಲ. ಇದ್ದ ಎರಡನ್ನೇ ಬೆರೆಸಿ ಒಂದು ಸಂಜೆ ಮಾಡಿಕೊಂಡರು. ಆ ಕಾಲದಲ್ಲಿ ಹರೆಯದಲ್ಲಿದ್ದವರಿಗೆ ಓಬ್ಲಾಕ್ ಅಂದ ಕೂಡಲೇ ಮುಖ ಅರಳುತ್ತದೆ.

ಮೋಡ ಯಾಕೆ? ಡೆಟಾಲನ್ನು ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ನೋಡಿದ್ದೀರಿ. ಇದೂ ಹಾಗೆಯೇ. ಅನಿಸ್‌ನಲ್ಲಿ ಅನೆಥೋಲ್ ಅನ್ನುವ ಎಣ್ಣೆ ಇದೆ. ಊಟದ ಮೇಲೆ ನಾವು ಅಗಿಯುವ ಸೋಂಪಿನ ಪರಿಮಳವೂ ಅದರದ್ದೇ. ಅದು ಗಟ್ಟಿ ಆಲ್ಕೋಹಾಲಿನಲ್ಲಿ ಕರಗುತ್ತದೆ, ನೀರಲ್ಲಿ ಕರಗುವುದಿಲ್ಲ. ಮೆಂತಾ ಮತ್ತು ಐಸಿನ ನೀರು ಸೇರಿ ಬಲ ಇಳಿದಾಗ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಬೇರೆಯಾಗುತ್ತದೆ. ಆ ಹನಿಗಳು ಬೆಳಕನ್ನು ಚದುರಿಸುತ್ತವೆ. ಹಸಿರು ಲೋಟದೊಳಗೆ ಬಿಳಿ ಮೋಡ ನಿಧಾನಕ್ಕೆ ಹರಡುತ್ತದೆ.

ಹಂಡೆಯ ಬಗ್ಗೆ ಇನ್ನೊಂದು ಮಾತು ಉಳಿದಿದೆ. ಬಲ್ಗೇರಿಯಾದ ಗುಲಾಬಿ ಎಣ್ಣೆಯ ಹೆಸರು ಕೇಳಿರುತ್ತೀರಿ. ಗುಲಾಬಿ ಕಣಿವೆಯ ದೊಡ್ಡ ಊರು ಕಜಾನ್‌ಲಕ್. ತುರ್ಕಿ ಭಾಷೆಯಲ್ಲಿ ಹಂಡೆಗಳ ಊರು ಅಂತ ಅರ್ಥ. ಒಂದು ಕೆಜಿ ಎಣ್ಣೆಗೆ ಮೂರು ಸಾವಿರ ಕೆಜಿಗೂ ಹೆಚ್ಚು ಎಸಳು ಬೇಕು. ಎಸಳು ಹಾಕಿದ ಗುಲಾಬಿ ರಾಕಿಯಾವೂ ಅಲ್ಲಿ ಇದೆ. ದೇವರ ಮುಂದೆ ಇಡುವಂಥ ಪರಿಮಳ, ಮೊಣಕೈ ತನಕ ಮಸಿಯಾಗುವ ಗಂಡಸರ ರಾಕಿಯಾ, ಎರಡೂ ಒಂದೇ ಥರದ ತಾಮ್ರದಿಂದ ಹನಿಯಾಗಿ ಇಳಿಯುತ್ತವೆ. ಇದು ನನಗೆ ಈಗಲೂ ಬೆರಗು.

ಕೊನೆಗೆ ಒಬ್ಬರು ಕೇಳಿದರು. ಯಾರದ್ದು ಅಂತ ಕೇಳುತ್ತಾರೆ ಅಂದಿರಲ್ಲ, ಸುಳ್ಳು ಹೇಳಿದರೆ? ಸಕ್ಕರೆಯದನ್ನೇ ಹಣ್ಣಿನದು ಅಂದರೆ?

ಇದನ್ನು ನಾನೂ ಮಾಲೀಕರಿಗೆ ಕೇಳಿದ್ದೆ. ಅವರು ಆವತ್ತು ಏನೂ ಹೇಳಲಿಲ್ಲ. ರಾತ್ರಿ ಊಟ ಮುಗಿದ ಮೇಲೆ ನಾನು ಲೋಟ ತೊಳೆಯಲು ಎದ್ದರೆ ತಡೆದರು. ಮೇಜಿನ ಮೇಲೆ ಹಾಗೇ ಬಿಡಿ ಅಂದರು. ಬೆಳಿಗ್ಗೆ ಕಾಫಿಗೆ ಮೊದಲು ಆ ಖಾಲಿ ಲೋಟವನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಒಣಗಿದ ಗಾಜಿನೊಳಗೆ ಪ್ಲಮ್ ಹಣ್ಣು ಮತ್ತು ಅದರ ಬೀಜದ ಬಾದಾಮಿಯಂಥ ವಾಸನೆ ಹಾಗೇ ಕೂತಿತ್ತು. "ಸಕ್ಕರೆಯದಾಗಿದ್ದರೆ ಈಗ ಇಲ್ಲಿ ಏನೂ ಇರ್ತಿರಲಿಲ್ಲ" ಅಂದರು. ಆಮೇಲೆ ಲೋಟ ತೊಳೆದರು.